ಹಿಟ್ಟಿನ ಬೆರಳು

ನನ್ನ ಎಡಗೈಯಲ್ಲಿ ಮೂರೇ ಬೆರಳು. ಉಂಗುರದ ಬೆರಳು, ಕಿರುಬೆರಳು ಇರಬೇಕಾದ ಕಡೆ ಅವರೆಕಾಳಿನಷ್ಟು ಎರಡು ಉಬ್ಬುಗಳಿವೆ. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸರು ಮೊದಲು ಕೈ ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ, ಆಮೇಲೆ ಏನೂ ನೋಡಿಯೇ ಇಲ್ಲವೆಂಬಂತೆ ಕಿಟಕಿಯ ಕಡೆ ತಿರುಗುತ್ತಾರೆ. ಧೈರ್ಯವಿದ್ದವರು "ಮೆಷಿನ್ನಿಗೆ ಸಿಕ್ತಾ?" ಎಂದು ಕೇಳುತ್ತಾರೆ. "ಇಲ್ಲ ಕಣಮ್ಮ, ಹುಟ್ಟಿದ್ದೇ ಹಿಂಗೆ" ಎಂದರೆ ಅವರ ಮುಖ ಸಣ್ಣದಾಗುತ್ತದೆ. ಅಯ್ಯೋ ಪಾಪ ಎನ್ನುತ್ತಾರೆ. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಈ ಕೈ ಯಾರ ತಪ್ಪಿನಿಂದ ಹೀಗಾಯಿತು ಎಂದು ನಮ್ಮ ಮನೆಯಲ್ಲಿ ಆದ ರಂಪ ಏಳು ಜನ್ಮಕ್ಕಾಗುವಷ್ಟಿದೆ.

ಆ ರಂಪದಲ್ಲಿ ಪಣಕ್ಕಿದ್ದದ್ದು ನಮ್ಮ ಅವ್ವನ ಎರಡು ಬೆರಳು. ನಾನು ಆಗ ಎರಡು ವರ್ಷ ತುಂಬದ ಕೂಸು. ಆದರೂ ಅವ್ವ, ಅಜ್ಜಿ, ಕೊನೆಗೆ ರಂಪ ಎಬ್ಬಿಸಿದ ಚಿಕ್ಕತಾತ, ಇವರೆಲ್ಲರ ಬಾಯಲ್ಲಿ ಕೇಳಿ ಕೇಳಿ ಎಲ್ಲವೂ ನನ್ನ ಕಣ್ಣೆದುರಿಗೇ ನಡೆದ ಹಾಗಿದೆ.

ನಾನು ಹುಟ್ಟಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹೊಸಕೋಟೆಗೆ ಬರುವ ಬಸ್ಸು ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು, ದಿಣ್ಣೆ ಬಂದರೆ ಜನ ಇಳಿದು ತಳ್ಳುತ್ತಿದ್ದರು. ಹೊಸಕೋಟೆಯಿಂದ ಒಳಕ್ಕೆ ಗಾಡಿಜಾಡಿನಲ್ಲಿ ಬಂದರೆ ನಮ್ಮೂರು ಹುಣಸೇಕುಂಟೆ. ನಮ್ಮಪ್ಪ ಗಂಗಣ್ಣ ಹೊಲದ ಸೊಪ್ಪು, ಗೆಣಸು, ಬದನೆಕಾಯಿ ಗಾಡಿಗೆ ಹೇರಿಕೊಂಡು ಮದ್ರಾಸು ರಸ್ತೆ ಹಿಡಿದು ಬೆಂಗಳೂರಿಗೆ ಹೋಗಿ ಮಾರಿ ಬರುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಬಾಯಿಲ್ಲದ ಒಳ್ಳೆಯತನ. ಎತ್ತುಗಳ ಜೊತೆ ಆಡಿದಷ್ಟು ಮಾತನ್ನು ಮನೆಯಲ್ಲಿ ಆಡಿದವರಲ್ಲ.

ಸೂಲಗಿತ್ತಿ ನನ್ನನ್ನು ಎತ್ತಿ "ಹೆಣ್ಣುಮಗ" ಎಂದಳಂತೆ. ಆಮೇಲೆ ಮಾತು ನಿಂತುಹೋಯಿತಂತೆ. ಅಜ್ಜಿ, ಅಂದರೆ ಅಪ್ಪನ ತಾಯಿ ನರಸಮ್ಮ, ಹತ್ತಿರ ಬಂದು ನನ್ನ ಎಡಗೈ ನೋಡಿದಳು. ನೋಡಿದವಳೇ ಗೋಡೆಗೆ ಒರಗಿ ಕುಸಿದು ಕೂತು, "ನನ್ನಿಂದ್ಲೇ ಆಯ್ತು ಕಣವ್ವಾ ಇದು" ಎಂದು ಅಳತೊಡಗಿದಳು. ಬಾಣಂತಿಯಾದ ನಮ್ಮ ಅವ್ವ ಅಂಜಿನಮ್ಮ ತಾನೇ ಎದ್ದು ಕೂತು ಅತ್ತೆಯನ್ನು ಸಮಾಧಾನ ಮಾಡಬೇಕಾಯಿತು. ಸೊಸೆಯನ್ನು ಬೈಯುವ ಅತ್ತೆಯರನ್ನು ಊರೆಲ್ಲ ಕಂಡಿದ್ದರು. ತನ್ನನ್ನೇ ಬೈದುಕೊಳ್ಳುವ ಅತ್ತೆಯನ್ನು ಸೂಲಗಿತ್ತಿ ಅವತ್ತೇ ಕಂಡದ್ದು.

ಅಜ್ಜಿ ಯಾಕೆ ಹಾಗೆ ಅಂದಳು ಎನ್ನುವುದಕ್ಕೆ ನಮ್ಮ ಒಕ್ಕಲಿನ ಹಳೆಯ ಪದ್ಧತಿಯೊಂದನ್ನು ಹೇಳಬೇಕು. ಮನೆಯ ಮೊದಲ ಮಗುವಿಗೆ ಕಿವಿ ಚುಚ್ಚುವ ದಿನ ಆ ಮಗುವಿನ ತಾಯಿ ಬೈರದೇವರಿಗೆ ಬೆರಳು ಕೊಡಬೇಕು. ಬಲಗೈಯ ಕೊನೆಯ ಎರಡು ಬೆರಳು, ಮೇಲಿನ ಗೆಣ್ಣಿನವರೆಗೆ. ಮಣೆಯ ಮೇಲೆ ಕೈ ಇಡಿಸಿ, ಊರ ಆಚಾರಿ ಉಳಿ ಇಟ್ಟು ಕೊಡತಿಯಿಂದ ಒಂದೇಟು ಹಾಕುತ್ತಿದ್ದನಂತೆ. ಮಕ್ಕಳು ಮರಿ ಊನವಿಲ್ಲದೆ ಬೆಳೆಯಲಿ ಎಂದು ತಾಯಿ ಕೊಡುತ್ತಿದ್ದ ಕಾಣಿಕೆ. ಇದನ್ನು ಕೇಳಿ ಮೂಗು ಮುರಿಯುವವರು ಮುರಿಯಲಿ, ಕೊಟ್ಟ ಹೆಂಗಸರು ಹೆದರಿ ಕೊಟ್ಟವರಲ್ಲ, ಮಕ್ಕಳಿಗಾಗಿ ಕೊಟ್ಟವರು.

ಸರ್ಕಾರ ಇದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. ಆಮೇಲಿನ ಹೆಂಗಸರು ಬೆರಳ ತುದಿಗೆ ಅಕ್ಕಿಹಿಟ್ಟು ಮೆತ್ತಿ, ಮೇಲೊಂದು ಚಿನ್ನದ ಎಳೆ ಸುತ್ತಿ ಕೈ ಇಡುತ್ತಿದ್ದರು. ಆಚಾರಿ ಆ ಹಿಟ್ಟನ್ನು ಉಳಿಯ ತುದಿಯಿಂದ ತೆಗೆದು ದೇವರ ಮುಂದೆ ಇಟ್ಟರೆ ಶಾಸ್ತ್ರ ಮುಗಿಯುತ್ತಿತ್ತು. ದೇವರೂ ಒಪ್ಪಿಕೊಂಡ ಹಾಗೇ ಇತ್ತು. ಬಾಯಿಬಿಟ್ಟು ಯಾರೂ ಕೇಳಿರಲಿಲ್ಲ, ಅಷ್ಟೆ.

ನಮ್ಮಪ್ಪನ ಕಿವಿ ಚುಚ್ಚಿದಾಗ ಅಜ್ಜಿ ಹಿಟ್ಟಿನ ಬೆರಳು ಕೊಟ್ಟಿದ್ದಳು. ಅದರಲ್ಲೂ ಆ ವರ್ಷ ಚಿನ್ನದ ಎಳೆ ಸಿಗದೆ ಹಿತ್ತಾಳೆಯ ಎಳೆ ಸುತ್ತಿದ್ದಳಂತೆ. ಅದನ್ನು ಯಾರಿಗೂ ಹೇಳದೆ ಅಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದಳು. ಈಗ ಮೊಮ್ಮಗಳು ಹುಟ್ಟಿದ್ದಾಳೆ, ಅವೇ ಎರಡು ಬೆರಳಿಲ್ಲ. ಅಜ್ಜಿ ಎರಡಕ್ಕೆ ಎರಡು ಸೇರಿಸಿದಳು.

ಅಜ್ಜಿಯ ಆ ಅಳುವೇ ಸಾಕಾಯಿತು ಚಿಕ್ಕತಾತನಿಗೆ. ಚಿಕ್ಕತಾತ ಎಂದರೆ ನಮ್ಮ ತಾತನ ತಮ್ಮ, ಪಿಳ್ಳಪ್ಪ. ತಾತ ತೀರಿಕೊಂಡ ಮೇಲೆ ನಮ್ಮ ಮನೆತನಕ್ಕೆಲ್ಲ ಅವನೇ ಯಜಮಾನ. ದೊಡ್ಡ ಪೇಟ, ದೊಡ್ಡ ದನಿ. ಯೋಚನೆ ಮಾಡುವಾಗ ಎಡಗೈಯ ಕಿರುಬೆರಳ ಪಕ್ಕದಲ್ಲಿದ್ದ ಒಂದು ನರಹುಲಿಯನ್ನು ಬಲಗೈಯಿಂದ ತಿಕ್ಕುತ್ತಾ ಕೂರುವುದು ಅವನ ಅಭ್ಯಾಸ. ಸುಣ್ಣ ಹಚ್ಚಿದ್ದ, ಕಾದ ಕಡ್ಡಿಯಿಂದ ಚುಟಿಕೆ ಹಾಕಿಸಿದ್ದ, ಆ ನರಹುಲಿ ಮಾತ್ರ ಹೋಗಿರಲಿಲ್ಲ. ಅವತ್ತೂ ಅದನ್ನು ತಿಕ್ಕುತ್ತಾ ಕೂತು ಹೇಳಿದ.

"ನಾವು ಹಿಟ್ಟು ಕೊಟ್ವಿ. ಅವನು ಮಾಂಸ ತಗೊಂಡ."

ಆ ಮಾತು ಊರಲ್ಲಿ ಹಬ್ಬಿತು. ಕೆಟ್ಟ ಮಾತಿಗೆ ಕಾಲು ಜಾಸ್ತಿ. ಅವ್ವ ಹಳೇ ಕುಪ್ಪಸದ ಕೆಂಪು ಬಟ್ಟೆಯಲ್ಲಿ ನನ್ನ ಎಡಗೈಗೆ ಒಂದು ಕುಲಾವಿ ಹೊಲಿದಳು. ಕೂಸುಗಳ ತಲೆಗೆ ಕಟ್ಟುವ ಕುಲಾವಿ ನೋಡಿದ್ದೀರಲ್ಲ, ಅದೇ ಥರ, ಮಣಿಕಟ್ಟಿನ ಹತ್ತಿರ ದಾರದಿಂದ ಬಿಗಿಯುವ ಹಾಗೆ. ಬಾಗಿಲ ಹೊರಗೆ ಬರುವಾಗೆಲ್ಲ ನನ್ನ ಕೈ ಆ ಕುಲಾವಿಯೊಳಗೆ. ನಾನು ಅದನ್ನು ಬಾಯಿಂದ ಕಚ್ಚಿ ಬಿಚ್ಚುತ್ತಿದ್ದೆನಂತೆ. ಅವ್ವ ಮತ್ತೆ ಕಟ್ಟುತ್ತಿದ್ದಳಂತೆ. ದೇವರ ಸಿಟ್ಟು ಇಳಿಯಲಿ ಎಂದು ನನಗೆ ಬೈರಮ್ಮ ಎಂದು ಹೆಸರಿಟ್ಟರು. ಹೆಸರೇನೋ ನನಗೆ ಇಷ್ಟ, ಇಟ್ಟ ಕಾರಣ ಇಷ್ಟವಿಲ್ಲ.

ನನಗೆ ವರ್ಷ ತುಂಬಿ ಕೆಲವು ತಿಂಗಳಾಗುವಷ್ಟರಲ್ಲಿ ಅವ್ವ ಮತ್ತೆ ಬಸುರಿಯಾದಳು. ಬೇರೆ ಮನೆಯಲ್ಲಾಗಿದ್ದರೆ ಸಿಹಿ ಹಂಚುತ್ತಿದ್ದರು. ನಮ್ಮ ಮನೆಯಲ್ಲಿ ಎಲ್ಲರೂ ಅವ್ವನ ಹೊಟ್ಟೆಯನ್ನು ಭಯದಿಂದ ನೋಡಿದರು. ಅವ್ವನೂ ನೋಡಿಕೊಂಡಳು. ಬಾವಿಯ ಹತ್ತಿರ ಯಾರೋ "ಮೊದಲ್ನೇದಕ್ಕೆ ಬೆರಳು, ಇದಕ್ಕೆ ಇನ್ನೇನೋ" ಎಂದದ್ದು ಅವಳ ಕಿವಿಗೆ ಬಿದ್ದಿತ್ತು. ಕಾಲಿಲ್ಲದ ಮಗು, ಕಣ್ಣಿಲ್ಲದ ಮಗು, ಏನೇನೋ ಕಣ್ಣಿಗೆ ಕಟ್ಟಿ ಅನ್ನ ಸೇರದೆ ಅವಳು ಕಡ್ಡಿಯಾದಳು.

ಸಂಕ್ರಾಂತಿಗೆ ಮುಂಚೆ ಚಿಕ್ಕತಾತ ಬಂದು ಜಗಲಿಯ ಮೇಲೆ ಕೂತ. ಹಬ್ಬ ಕಳೆದ ಮೇಲೆ ನನ್ನ ಕಿವಿ ಚುಚ್ಚಿಸುವುದೆಂದು ಹೇಳಿದ. ಆಮೇಲೆ ದನಿ ತಗ್ಗಿಸಿದ.

"ಈ ಸಲ ಹಿಟ್ಟು ಬ್ಯಾಡ. ಹೊಟ್ಟೇಲಿರೋದಾದ್ರೂ ಊನ ಇಲ್ದಂಗೆ ಬರ್ಲಿ ಅಂದ್ರೆ ನಿಜವಾದ ಬೆರಳೇ ಕೊಡ್ಬೇಕು. ಅಮಲ್ದಾರ್ರಿಗೆ ಯಾರೂ ಹೇಳೋಕೆ ಹೋಗಲ್ಲ. ನಾನೇನು ಬಲವಂತ ಮಾಡ್ತಿಲ್ಲ ಕಣವ್ವ ಅಂಜಿನಿ. ನಿನ್ ಮಗು, ನಿನ್ ಕೈ. ನೀನೇ ಯೋಚ್ನೆ ಮಾಡು."

ಬಲವಂತ ಮಾಡುವುದಿಲ್ಲ ಎನ್ನುವವರಷ್ಟು ಬಲವಂತ ಮಾಡುವವರು ಇನ್ಯಾರೂ ಇಲ್ಲ. ಚಿಕ್ಕತಾತ ದುಷ್ಟನಲ್ಲ. ಅವನಿಗೂ ನಿಜವಾಗಿ ಹೆದರಿಕೆಯಿತ್ತು, ಅವನ ಸೊಸೆಯಂದಿರೂ ಬಸುರಿಯರಾಗಬೇಕಾದವರೇ. ಆದರೆ ಹೆದರಿದ ಯಜಮಾನ ಸಿಟ್ಟಿನ ಯಜಮಾನನಿಗಿಂತ ಅಪಾಯ.

ಅವ್ವ ಯೋಚನೆ ಮಾಡಿದಳು. ಯೋಚಿಸಲು ಏನಿತ್ತು? ಒಂದು ಕಡೆ ಎರಡು ಬೆರಳು, ಇನ್ನೊಂದು ಕಡೆ ಹೊಟ್ಟೆಯ ಮಗು. "ಆಗ್ಲಿ ಮಾವ" ಎಂದಳು. ಅಪ್ಪ ದನದ ಕೊಟ್ಟಿಗೆಗೆ ಹೋಗಿ ನಿಂತರು. ಒಂದು ಸಲ ಮಾತ್ರ, "ಬೆಂಗ್ಳೂರಲ್ಲಿ ದೊಡ್ಡಾಸ್ಪತ್ರೆ ಐತೆ, ಒಂದ್ ಮಾತು ಕೇಳ್ಬೋದಾಗಿತ್ತು" ಎಂದರಂತೆ, ಅದೂ ಎತ್ತಿನ ಕಡೆ ನೋಡಿಕೊಂಡು. ಎತ್ತು ಉತ್ತರ ಕೊಡಲಿಲ್ಲ.

ಈ ಮಾತೆಲ್ಲ ಒಬ್ಬರಿಗೆ ಗೊತ್ತಾಗದ ಹಾಗೆ ನಡೆದಿತ್ತು. ಅವಳು ಮುತ್ತಜ್ಜಿ, ಅಮ್ಮಯಮ್ಮ. ನಮ್ಮ ತಾತನನ್ನೂ ಪಿಳ್ಳಪ್ಪನನ್ನೂ ಹೆತ್ತವಳು. ಎಂಬತ್ತು ದಾಟಿತ್ತು, ಬೆನ್ನು ಬಾಗಿತ್ತು, ನಾಲಿಗೆ ಬಾಗಿರಲಿಲ್ಲ. ನಮ್ಮ ಮನೆಯಲ್ಲಿ ನಿಜವಾದ ಬೆರಳು ಕೊಟ್ಟವಳು ಅವಳೊಬ್ಬಳೇ. ಆ ಮೊಂಡು ಬೆರಳ ಕೈಯಲ್ಲೇ ಹಾಲು ಕರೆಯುತ್ತಿದ್ದಳು, ಮುದ್ದೆ ಕಟ್ಟುತ್ತಿದ್ದಳು, ಬೇಕಾದರೆ ಕೆನ್ನೆಗೂ ಕೊಡುತ್ತಿದ್ದಳು. ಅವಳಿಗೆ ಹೇಳಿದರೆ ಬೈಯುತ್ತಾಳೋ ಹರಸುತ್ತಾಳೋ ತಿಳಿಯದೆ ಯಾರೂ ಹೇಳಿರಲಿಲ್ಲ.

ಹೇಳಿದವನು ಆಚಾರಿ. ಊರ ಬಡಗಿ ಕೊಂಡಾಚಾರಿ ನೇಗಿಲು ಮಾಡುತ್ತಿದ್ದ, ಗಾಡಿಯ ಅಚ್ಚು ಕೂರಿಸುತ್ತಿದ್ದ. ಬೆರಳು ತೆಗೆಯುವುದು ಅವನ ತಾತನ ಕಾಲಕ್ಕೇ ನಿಂತಿತ್ತು. ಚಿಕ್ಕತಾತ ಉಳಿ ಮಸೆದು ತಾ ಎಂದಾಗಿನಿಂದ ಅವನಿಗೆ ಊಟ ಇಳಿದಿರಲಿಲ್ಲ. ಎಲ್ಲಿ ಉಳಿ ಇಡಬೇಕು, ಎಷ್ಟು ಏಟು ಹಾಕಬೇಕು, ಒಂದೂ ಗೊತ್ತಿಲ್ಲ. ಗೊತ್ತಿದ್ದವರನ್ನು ಕೇಳೋಣವೆಂದು ಹುಡುಕಿದರೆ, ಗೊತ್ತಿದ್ದವರು ಬೆರಳು ಕೊಟ್ಟ ಮುದುಕಿಯರು ಮಾತ್ರ. ಒಂದು ಮಧ್ಯಾಹ್ನ ಮುತ್ತಜ್ಜಿ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಬಂದು ಕೆಳಗೆ ಕುಕ್ಕರಗಾಲಲ್ಲಿ ಕೂತ.

"ಅಮ್ಮಣ್ಣೀ, ನಿಮ್ದು ತೆಗೆದಾಗ ನಮ್ ತಾತ ಉಳೀನ ಗೆಣ್ಣಿನ ಮೇಲೆ ಇಟ್ಟಿದ್ರಾ, ಸಂದಿಗೆ ಇಟ್ಟಿದ್ರಾ?"

ಮುತ್ತಜ್ಜಿ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಸಂದಿಗೆ" ಎಂದಳು.

"ರಕ್ತ ನಿಲ್ಲಕ್ಕೆ?"

"ಕಾದ ಎಣ್ಣೇಲಿ ಅದ್ದುತಿದ್ರು. ಈಗ್ಯಾಕಪ್ಪಾ ಕೇಳ್ತೀಯ ಇದ್ನ?"

ಕೊಂಡಾಚಾರಿ ಕಣ್ಣಲ್ಲಿ ನೀರು ತಂದುಕೊಂಡು ಎಲ್ಲ ಹೇಳಿಬಿಟ್ಟ. ಮುತ್ತಜ್ಜಿ ಮಡಿಲಲ್ಲಿದ್ದ ಕಾಳನ್ನೆಲ್ಲ ಮೊರಕ್ಕೆ ಸುರಿದಳು. ಆಮೇಲೆ ಹೇಳಿದಳು:

"ಅವತ್ತು ಬಾ. ಉಳಿ ತಗೊಂಡೇ ಬಾ. ಎಲ್ಲಿಡಬೇಕು ಅಂತ ನಾನೇ ತೋರಿಸ್ತೀನಿ. ಅಷ್ಟ್ರೊಳಗೆ ಒಂದ್ ಕೆಲ್ಸ ಮಾಡು. ಸುತ್ತ ಊರುಗಳಾಗೆ ನನ್ನಂಗೆ ಬೆರಳು ಕೊಟ್ಟೋರು ಯಾರ್ಯಾರು ಉಸಿರಾಡ್ತವ್ರೋ ಅವ್ರಿಗೆಲ್ಲ ಹೇಳಿ ಕಳಿಸು. ಮರಿಮಗಳ ಕಿವಿ ಚುಚ್ಚಿಸ್ತಾವ್ಳೆ ಅಮ್ಮಯಮ್ಮ, ಬರ್ಲೇಬೇಕಂತೆ ಅನ್ನು. ಗಾಡಿ ಕಟ್ಟಿಸ್ಕೊಂಡಾದ್ರೂ ಬರ್ಲಿ."

ಮನೆಯವರಿಗೆ ಮಾತ್ರ ಏನೂ ಗೊತ್ತಿಲ್ಲದವಳ ಹಾಗೆ ಇದ್ದಳು.

ನಮ್ಮ ಬೈರದೇವರಿಗೆ ಗುಡಿ ಗೋಪುರ ಇಲ್ಲ. ಹೊಲದ ಬದುವಿನಲ್ಲಿ, ಹೊಂಗೆ ಮರದ ಬುಡದಲ್ಲಿ ನೆಟ್ಟ ಮೂರು ಕಲ್ಲು, ಅಷ್ಟೆ. ಅವತ್ತು ಬೆಳಗ್ಗೆ ಅಲ್ಲಿ ಸಾರಿಸಿ ರಂಗೋಲಿ ಹಾಕಿದ್ದರು. ನೆಂಟರಿಷ್ಟರು ಸೇರಿದ್ದರು. ಒಂದು ಮೂಲೆಯಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ಎಣ್ಣೆ. ಕಜ್ಜಾಯಕ್ಕೆ ಇರಬೇಕು ಎಂದು ಮಕ್ಕಳು ಸುತ್ತ ನಿಂತಿದ್ದವಂತೆ. ಅಜ್ಜಿ ಮಾತ್ರ ಆ ಕಡೆ ನೋಡಲಾರದೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ಅಕ್ಕಸಾಲಿ ನನ್ನ ಕಿವಿ ಚುಚ್ಚಿದ. ನಾನು ಊರು ಹಾರಿಹೋಗುವ ಹಾಗೆ ಅತ್ತೆ. ಆಮೇಲೆ ಚಿಕ್ಕತಾತ ಮಣೆ ತಂದು ಕಲ್ಲುಗಳ ಮುಂದೆ ಇಟ್ಟ. ಅವ್ವ ನನ್ನನ್ನು ಅಪ್ಪನ ಕೈಗೆ ಕೊಟ್ಟು ಮುಂದೆ ಬಂದಳು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಮಣೆಯ ಹತ್ತಿರ ಬಗ್ಗಿದಳು.

ಅಷ್ಟರಲ್ಲಿ ಮುತ್ತಜ್ಜಿ ಕೋಲೂರಿಕೊಂಡು ಬಂದು ಆ ಮಣೆಯ ಮೇಲೆ ಕೂತುಬಿಟ್ಟಳು.

"ಅಮ್ಮ, ಅದು ಕೂರೋ ಮಣೆ ಅಲ್ಲ" ಎಂದ ಚಿಕ್ಕತಾತ.

"ಗೊತ್ತು ಕಣ್ಲಾ. ನಿನಗಿಂತ ಮೊದ್ಲೇ ನಂಗೆ ಈ ಮಣೆ ಗೊತ್ತು. ನನ್ ರಕ್ತ ಕುಡಿದಿರೋ ಮಣೆ." ಅವಳು ಕೋಲನ್ನು ಮಗ್ಗುಲಲ್ಲಿಟ್ಟಳು. "ಯಾವ ಕೈ ಕೊಡೋದು ನಮ್ಮ ಪದ್ಧತೀಲಿ?"

"ಬಲಗೈ."

"ನಿನ್ ಮೊಮ್ಮಗಳಿಗೆ ಊನ ಇರೋದು ಯಾವ ಕೈಲಿ?"

ಚಿಕ್ಕತಾತ ನನ್ನ ಕಡೆ ನೋಡಿದ. ಕೆಂಪು ಕುಲಾವಿ ಎಡಗೈಯಲ್ಲಿತ್ತು. ಎಲ್ಲರಿಗೂ ಗೊತ್ತಿದ್ದದ್ದೇ, ಆದರೆ ಒಬ್ಬರೂ ಯೋಚಿಸಿರಲಿಲ್ಲ.

"ಇಷ್ಟ್ ವರ್ಷದಿಂದ ಬಲಗೈ ಬೆರಳು ತಗೊಂಡ ದ್ಯಾವ್ರಿಗೆ ಈಗ ಎಡ ಬಲ ಮರ್ತೋಯ್ತಾ?"

"ದ್ಯಾವ್ರ ಸಿಟ್ಟಿಗೆ ಎಡ ಏನು, ಬಲ ಏನು" ಎಂದ ಚಿಕ್ಕತಾತ. ಅವನ ಕೈ ತಾನಾಗಿಯೇ ನರಹುಲಿಯನ್ನು ತಿಕ್ಕಲು ಶುರುಮಾಡಿತ್ತು.

"ಬಾ ಇಲ್ಲಿ. ಕೈ ಕೊಡು. ಅದಲ್ಲ, ಆ ಕೈ." ಮುತ್ತಜ್ಜಿ ಅವನ ಎಡಗೈ ಎಳೆದುಕೊಂಡು, ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿದಳು. "ಇದೇನ್ ಹೇಳು."

"ನರಹುಲಿ."

"ನಿನ್ ತಲೆ. ಇದು ನಿನ್ನ ಆರನೇ ಬೆರಳು ಇದ್ದ ಜಾಗ."

ಚಿಕ್ಕತಾತ ಕೈ ಎಳೆದುಕೊಳ್ಳಲು ನೋಡಿದ, ಮುತ್ತಜ್ಜಿ ಬಿಡಲಿಲ್ಲ.

"ನಿಮ್ಮಣ್ಣನ ಕಿವಿ ಚುಚ್ಚಿಸ್ದಾಗ ನಾನು ಬೆರಳು ಕೊಟ್ಟೆ. ಹಿಟ್ಟಲ್ಲ, ಹಿತ್ತಾಳೆ ಅಲ್ಲ, ನಿಜವಾದ ಬೆರಳು. ಮುಂದೆ ಹುಟ್ಟೋದಕ್ಕೆ ಊನ ಬರ್ದಿರ್ಲಿ ಅಂತ್ಲೇ ಕೊಟ್ಟೆ. ಅದಾದ್ಮೇಲೆ ಹುಟ್ಟಿದೋನು ನೀನು. ಕಿರುಬೆರಳ ಪಕ್ಕ ಇನ್ನೊಂದು ಬೆರಳು ಜೋತಾಡ್ತಿತ್ತು. ಸೂಲಗಿತ್ತಿ ಕುದುರೆ ಬಾಲದ ಕೂದ್ಲು ತಂದು ಬಿಗಿದು ಕಟ್ಟಿದ್ಲು, ಒಣಗಿ ಉದುರ್ತು. ಅದನ್ನ ಇವತ್ತಿನವರ್ಗೂ ಯಾರ್ಗೂ ಹೇಳ್ಲಿಲ್ಲ ನಾನು." ಅವಳು ತನ್ನ ಮೊಂಡು ಬೆರಳುಗಳನ್ನು ಅವನ ಮುಖದ ಮುಂದೆ ಹಿಡಿದಳು. "ನಾನು ಎರಡು ಕೊಟ್ರೆ ಅವನು ನಿನ್ ಕೈಲಿ ಒಂದು ವಾಪಸ್ ಕಳಿಸ್ದ. ಇದ್ಯಾವ ಲೆಕ್ಕ ಹೇಳ್ಲಾ ಯಜಮಾನ."

ಚಿಕ್ಕತಾತ ತನ್ನ ಕೈಯನ್ನೇ ನೋಡುತ್ತಾ ನಿಂತ. ಅರವತ್ತು ದಾಟಿದ ಮನುಷ್ಯ, ತನ್ನದೇ ಕೈಯನ್ನು ಮೊದಲ ಸಲ ಕಂಡವನ ಹಾಗಿದ್ದ ಎಂದು ಅವ್ವ ಹೇಳುತ್ತಿದ್ದಳು.

"ನಿಂದೊಂದೇ ಅಂತ ತಿಳ್ಕೋಬೇಡ" ಎಂದು ಮುತ್ತಜ್ಜಿ ಪಕ್ಕಕ್ಕೆ ತಿರುಗಿದಳು. ಗಾಡಿ ಕಟ್ಟಿಸಿಕೊಂಡು ಬಂದಿದ್ದ ಮುದುಕಿಯರು ಮರದ ನೆರಳಲ್ಲಿ ಸಾಲಾಗಿ ಕೂತಿದ್ದರು. ಎಲ್ಲರ ಬಲಗೈಯಲ್ಲೂ ಅದೇ ಮೊಂಡು. "ಮುತ್ಯಾಲಿ, ನೀನ್ ಹೇಳು. ಇಷ್ಟ್ ದಿನ ಮುಚ್ಚಿಟ್ಟಿದ್ದು ಸಾಕು."

ಮುತ್ಯಾಲಮ್ಮ ಸೂಲಿಬೆಲೆ ಕಡೆಯವಳು. ಮೊಂಡು ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡೇ ಹೇಳಿದಳು.

"ಬೆರಳು ಕೊಟ್ಟು ವರ್ಷ ಆಗಿರ್ಲಿಲ್ಲ. ಗಂಡುಮಗ. ಮೇಲ್ದುಟಿ ಮೂಗಿನವರ್ಗೂ ಸೀಳಿತ್ತು. ಮೊಲೆ ಇಟ್ರೆ ಹಾಲೆಲ್ಲ ಮೂಗಲ್ಲಿ ಬರ್ತಿತ್ತು. ಹೆಸ್ರಿಡೋವರ್ಗೂ ಇರ್ಲಿಲ್ಲ. ನಾನು ಸರ್ಯಾಗಿ ಕೊಡ್ಲಿಲ್ವೇನೋ, ಕೊಡೋವಾಗ ಅತ್ತುಬಿಟ್ನಲ್ಲ, ಅದಕ್ಕೆ ಹಿಂಗಾಯ್ತೇನೋ ಅಂತ ಇವತ್ತಿನವರ್ಗೂ..." ಪಕ್ಕದ ಮುದುಕಿ ಅವಳ ಬೆನ್ನಿನ ಮೇಲೆ ಕೈಯಿಟ್ಟಳು.

ಆ ಪಕ್ಕದ ಮುದುಕಿ ತಾನಾಗಿಯೇ ಬಾಯಿಬಿಟ್ಟಳು. "ನಾನು ಬೆರಳು ಕೊಟ್ಮೇಲೆ ಹುಟ್ಟಿದ್ದು ನಮ್ ಆವಲಪ್ಪ, ಹುಟ್ತಾನೇ ಪಾದ ಒಳಕ್ಕೆ ತಿರುಗಿತ್ತು. ಮರದಿಂದ ಬಿದ್ದ ಅಂತ ಊರಿಗೆಲ್ಲ ಹೇಳಿದ್ವಿ." ಗಾಡಿಯ ಹತ್ತಿರ ನಿಂತಿದ್ದ ನರೆಗೂದಲಿನ ಆವಲಪ್ಪ ತಾಯಿಯ ಕಡೆ ತಿರುಗಿ, "ನಾನು ಮರ ಹತ್ತಲೇ ಇಲ್ವಾ ಹಂಗಾದ್ರೆ?" ಎಂದ. ಬೀಳುವಾಗ ಎಂಥ ಕೊಂಬೆ ಮುರಿಯಿತು ಎಂದು ಅವನು ಮೊಮ್ಮಕ್ಕಳಿಗೆಲ್ಲ ಬಣ್ಣಿಸಿ ಹೇಳುತ್ತಿದ್ದನಂತೆ. ಯಾರೋ ನಕ್ಕರು. ನಗಬಾರದ ಜಾಗವಾದ್ದರಿಂದ ನಗು ಇನ್ನೂ ಜೋರಾಯಿತು. ಆವಲಪ್ಪನೂ ನಕ್ಕ.

ನಗು ನಿಂತ ಮೇಲೆ ಮುತ್ತಜ್ಜಿ ಹೇಳಿದಳು:

"ಬೆರಳು ಕೊಟ್ಟೋರ ಮನೇಲೂ ಹುಟ್ತವೆ, ಹಿಟ್ಟು ಕೊಟ್ಟೋರ ಮನೇಲೂ ಹುಟ್ತವೆ. ಈ ಪದ್ಧತೀನೇ ಇಲ್ದಿರೋ ಶಾನುಭೋಗ್ರ ಮನೇಲೂ ಹುಟ್ತವೆ, ಸಾಬರ ಮನೇಲೂ ಹುಟ್ತವೆ. ಬೀದಿಗೊಂದಾದ್ರೂ ಹಂಗೆ ಹುಟ್ಟೇ ಹುಟ್ತದೆ. ಮುಚ್ಚಿಡ್ತೀವಿ, ಅದಕ್ಕೆ ನಮ್ಮನೇದೊಂದೇ ಅನ್ಕೋತೀವಿ. ನಾನೂ ಮುಚ್ಚಿಟ್ಟೆ. ನಾನು ಬಾಯಿ ಬಿಟ್ಟಿದ್ರೆ ಈ ನರಸಿ ಹಿತ್ತಾಳೆ ಎಳೆ ನೆನಸ್ಕೊಂಡು ಇಷ್ಟ್ ದಿನ ಸಾಯ್ತಿರ್ಲಿಲ್ಲ."

ಹಿತ್ತಾಳೆಯ ಎಳೆ ಇವಳಿಗೆ ಹೇಗೆ ಗೊತ್ತಾಯಿತು ಎಂದು ಅಜ್ಜಿ ಬಾಯಿ ತೆರೆದಳು. ಮುತ್ತಜ್ಜಿಗೆ ಅದು ಅವತ್ತೇ ಗೊತ್ತಿತ್ತಂತೆ. ಚಿನ್ನಕ್ಕೂ ಹಿತ್ತಾಳೆಗೂ ಹೊಳಪು ಬೇರೆ, ಅತ್ತೆಯ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ.

ಇಷ್ಟೆಲ್ಲ ಆದರೂ ಅವ್ವ ಮಣೆಯ ಪಕ್ಕದಿಂದ ಎದ್ದಿರಲಿಲ್ಲ. ಉಳಿದವರಿಗೆ ಅದು ಗೆದ್ದ ವಾದ. ಅವಳಿಗೆ ಹೊಟ್ಟೆಯಲ್ಲಿ ಮಿಸುಕಾಡುವ ಮಗು. ಮುತ್ತಜ್ಜಿಯ ಮುಖ ನೋಡಿ ಕೇಳಿದಳು:

"ಅಜ್ಜೀ, ಹಂಗಾದ್ರೆ ನನ್ ಮಗೂಗೆ ಯಾಕೆ ಹಿಂಗಾಯ್ತು?"

ಮುತ್ತಜ್ಜಿ ಅವ್ವನ ಬಲಗೈಯನ್ನು ತನ್ನ ಮೊಂಡು ಕೈಗೆ ತೆಗೆದುಕೊಂಡಳು.

"ನಂಗೊತ್ತಿಲ್ಲ ಕಣವ್ವ. ಯಾಕೆ ಅಂತ ಯಾರ್ಗೂ ಗೊತ್ತಿಲ್ಲ. ನೀನೇನೋ ಮಾಡ್ದೆ ಅಂತ ಅಲ್ಲ, ಅಷ್ಟ್ ಮಾತ್ರ ಗೊತ್ತು. ಹೊಟ್ಟೇಲಿರೋದು ಹೆಂಗ್ ಬರ್ತದೋ ಹೇಳಕ್ಕಾಗಲ್ಲ. ಹೆಂಗೇ ಬಂದ್ರೂ ಅದನ್ನ ಎತ್ಕೊಳಕ್ಕೆ ನಿಂಗೆ ಎರಡು ಕೈ ಬೇಕು. ನನ್ ಕೈ ನೋಡು, ಚಳಿ ಬಂದ್ರೆ ಇವತ್ತಿಗೂ ನೋಯ್ತದೆ. ಮಕ್ಳ ಮುಖ ತೊಳ್ಯೋವಾಗ್ಲೂ ಹಿಡಿತ ಸಿಗ್ತಿರ್ಲಿಲ್ಲ."

ಅವ್ವ ತನ್ನ ಕೈಯನ್ನು ನೋಡಿಕೊಂಡಳು. ಆಮೇಲೆ ಎದ್ದು ಅಪ್ಪನ ಹತ್ತಿರ ಬಂದಳು. ನನ್ನ ಮಣಿಕಟ್ಟಿನ ದಾರ ಬಿಚ್ಚಿ, ಕೆಂಪು ಕುಲಾವಿಯನ್ನು ಎಳೆದು ತೆಗೆದಳು. ಅದನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಒಂದು ಗಳಿಗೆ ನಿಂತು, ಎಣ್ಣೆ ಕಾಯುತ್ತಿದ್ದ ಒಲೆಗೆ ಹಾಕಿದಳು. ನಾನು ಬಿಡುಗಡೆಯಾದ ಕೈಯಿಂದ ಅಪ್ಪನ ಮೀಸೆ ಹಿಡಿದು ಎಳೆದೆನಂತೆ. ಅಪ್ಪ ಅತ್ತರು. ಮೀಸೆ ಎಳೆದದ್ದಕ್ಕೆ ಎಂದು ಕೊನೆಯವರೆಗೂ ಸಾಧಿಸಿದರು.

"ಅಕ್ಕಿಹಿಟ್ಟು ತನ್ರಿ" ಎಂದ ಚಿಕ್ಕತಾತ. ದನಿ ದೊಡ್ಡದಿರಲಿಲ್ಲ. ಮುತ್ತಜ್ಜಿ ತಾನೇ ಹಿಟ್ಟು ನಾದಿ ಅವ್ವನ ಬೆರಳಿಗೆ ಮೆತ್ತಿದಳು. ಉಳಿ ಹಿಡಿದ ಕೊಂಡಾಚಾರಿಗೆ ಎಲ್ಲಿಡಬೇಕೆಂದು ಮಾತಿನಂತೆ ತೋರಿಸಿದಳು. ಅವನು ಆ ಹಿಟ್ಟನ್ನು ಎಷ್ಟು ಹುಷಾರಾಗಿ ತೆಗೆದನೆಂದರೆ, ಗಾಡಿಯ ಅಚ್ಚಿಗೂ ಅಷ್ಟು ಗಮನ ಕೊಟ್ಟವನಲ್ಲವಂತೆ. ಕಾದ ಎಣ್ಣೆ ವ್ಯರ್ಥವಾಗಬಾರದೆಂದು ಯಾರೋ ಬೆಲ್ಲದ ಪಾಕಕ್ಕೆ ಅಕ್ಕಿಹಿಟ್ಟು ಕಲಸಿದರು. ಮಕ್ಕಳು ಅಂದುಕೊಂಡ ಕಜ್ಜಾಯ ಕೊನೆಗೂ ಆಯಿತು.

ಆಮೇಲಿನ ತಿಂಗಳುಗಳಲ್ಲಿ ನಮ್ಮ ಜಗಲಿಗೆ ಹೆಂಗಸರು ಬರತೊಡಗಿದರು. ಮಜ್ಜಿಗೆಗೆಂದು, ಹೆಪ್ಪಿಗೆಂದು ನೆವ ಹೇಳಿಕೊಂಡು ಬಂದು, ಕೂತು, ಕೊನೆಗೆ ಸೆರಗಿನೊಳಗಿನ ಕೂಸನ್ನು ಅವ್ವನಿಗೆ ತೋರಿಸುತ್ತಿದ್ದರು. ಒಂದಕ್ಕೆ ಕಾಲ್ಬೆರಳು ಕೂಡಿಕೊಂಡಿದ್ದವು, ಒಂದಕ್ಕೆ ಕಿವಿಯ ಹಾಲೆ ಮಡಿಚಿಕೊಂಡಿತ್ತು. ಆದಿಲಕ್ಷ್ಮಮ್ಮ ಎಂಬವಳ ಮಗನಿಗೆ ಮುತ್ಯಾಲಮ್ಮನ ಮಗುವಿನ ಹಾಗೆಯೇ ತುಟಿ ಸೀಳಿತ್ತು, ಬಟ್ಟೆಯ ಬತ್ತಿಯಿಂದ ಹಾಲು ಹಿಂಡಿ ಹಿಂಡಿ ಬದುಕಿಸಿದ್ದಳು. ಅದನ್ನು ಕೇಳಿ ನಮ್ಮಪ್ಪ ಎತ್ತಿನ ಕಡೆ ತಿರುಗದೆ ನೇರ ಆ ಹೆಂಗಸಿನ ಗಂಡನಿಗೇ, "ನಾಳೆ ನಮ್ ಗಾಡೀಲಿ ಬನ್ನಿ, ದೊಡ್ಡಾಸ್ಪತ್ರೆ ನಂಗೆ ಗೊತ್ತು" ಎಂದರು. ಬದನೆಕಾಯಿಯ ಜೊತೆ ಕೂಸೂ ಬೆಂಗಳೂರಿಗೆ ಹೋಯಿತು. ಡಾಕ್ಟರು ತುಟಿ ಹೊಲಿದರು. ಆ ಹುಡುಗ ಈಗ ಮೀಸೆ ಬಿಟ್ಟು ಗಾಯದ ಗುರುತು ಮುಚ್ಚಿದ್ದಾನೆ, ಬಾಯಿ ಮಾತ್ರ ಮುಚ್ಚುವುದಿಲ್ಲ. ಆ ಸುದ್ದಿ ಮುತ್ಯಾಲಮ್ಮನಿಗೂ ತಲುಪಿತು. ಗಾಡಿ ಕಟ್ಟಿಸಿಕೊಂಡು ಬಂದು ಆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಹಳ ಹೊತ್ತು ಕೂತಿದ್ದಳಂತೆ.

ಎಷ್ಟೋ ವರ್ಷದ ಮೇಲೆ ನನ್ನ ಹೆರಿಗೆ ಮಾಡಿಸಿದ ಡಾಕ್ಟರಮ್ಮ ಹೇಳಿದರು, ಹುಟ್ಟುವ ಮೂವತ್ತು ನಲವತ್ತು ಮಕ್ಕಳಲ್ಲಿ ಒಂದಕ್ಕೆ ಏನಾದರೊಂದು ಊನ ಇದ್ದೇ ಇರುತ್ತದಂತೆ, ಯಾವ ದೇಶದಲ್ಲಾದರೂ. ನಮ್ಮೂರ ಬೀದಿಯಲ್ಲಿ ಅಷ್ಟೇ ಮಕ್ಕಳಿದ್ದವು. ಬೀದಿಗೊಂದು ಎಂದ ಮುತ್ತಜ್ಜಿ ಶಾಲೆಯ ಮುಖ ಕಂಡವಳಲ್ಲ.

ಬೇಸಿಗೆಯಲ್ಲಿ, ಮಾವಿನಕಾಯಿ ಬಲಿಯುವ ಹೊತ್ತಿಗೆ ತಮ್ಮ ಹುಟ್ಟಿದ. ಒಂದು ಮುಂಜಾನೆ. ಬಾಗಿಲ ಹೊರಗೆ ಚಿಕ್ಕತಾತ ಒಳಗೆ ಬರಲು ಧೈರ್ಯವಿಲ್ಲದೆ ನರಹುಲಿ ತಿಕ್ಕುತ್ತಾ ಓಡಾಡುತ್ತಿದ್ದ. ಅದನ್ನು ಈಗಲೂ ನರಹುಲಿ ಎಂದೇ ಕರೆಯುವುದು, ಅವನ ಮರ್ಯಾದೆಗೆ. ಸೂಲಗಿತ್ತಿ ಮಗುವನ್ನು ಒರೆಸುತ್ತಿದ್ದ ಹಾಗೇ ಅಜ್ಜಿ ಓಡಿ ಬಂದು ಬೆರಳು ಎಣಿಸಲು ಬಗ್ಗಿದಳು.

"ಆಮೇಲೆ ಎಣಿಸ್ರತ್ತೆ" ಎಂದಳು ಅವ್ವ. "ಮೊದ್ಲು ಕೊಡಿ ಇಲ್ಲಿ. ಹಸಿದೈತೆ."

ಎರಡೂ ಕೈ ಚಾಚಿದಳು. ಹತ್ತು ಬೆರಳೂ ಅಗಲವಾಗಿ ಬಿಚ್ಚಿಕೊಂಡಿದ್ದವು. ಮಗುವನ್ನು ಎತ್ತಿ ಎದೆಗೆ ಹಾಕಿಕೊಂಡಳು, ಅದು ಹಾಲು ಕುಡಿಯತೊಡಗಿತು, ಅವಳು ಎಲ್ಲಿಯೂ ನೋಡದೆ ಅದರ ಮುಖವನ್ನೇ ನೋಡಿದಳು. ಅಜ್ಜಿಗೆ ತಡೆಯಲಾಗಲಿಲ್ಲ, ಬಟ್ಟೆಯ ಸಂದಿಯಿಂದಲೇ ಎಣಿಸಿದಳು. ಕೈ ಸರಿಯಿತ್ತು, ಕಾಲು ಸರಿಯಿತ್ತು. ಆಮೇಲೆ ಅವಳ ಕಣ್ಣು ಮಗುವಿನ ಕಿವಿಯ ಮೇಲೆ ನಿಂತಿತು. ಬಲಗಿವಿಯ ಮುಂದೆ, ಕೆನ್ನೆ ಶುರುವಾಗುವ ಕಡೆ, ಸೂಜಿಯಿಂದ ಚುಚ್ಚಿದಂಥ ಒಂದು ಪುಟ್ಟ ತೂತು. ಹುಟ್ಟುವಾಗಲೇ ಬಂದದ್ದು.

ಅಜ್ಜಿ ಮುತ್ತಜ್ಜಿಯನ್ನು ಕರೆದಳು. ಮುತ್ತಜ್ಜಿ ನನ್ನ ಕೈ ಹಿಡಿದು ನಡೆಸಿಕೊಂಡೇ ಬಂದಳು. ಬಗ್ಗಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದಳು. ಎಲ್ಲರೂ ಅವಳ ಬಾಯಿಯನ್ನೇ ಕಾಯುತ್ತಿದ್ದರು.

"ಇವ್ನ ಕಿವಿ ಚುಚ್ಚೋ ಕೆಲ್ಸ ದ್ಯಾವ್ರೇ ಶುರು ಮಾಡವ್ನೆ" ಎಂದಳು. "ಜಾಗ ಒಂಚೂರು ತಪ್ಪೈತೆ. ಅವನ್ಗೂ ವಯಸ್ಸಾಯ್ತು, ಕಣ್ಣು ಕಾಣ್ಬೇಡ್ವಾ."

ಅವ್ವ ನಕ್ಕಳು. ಬಾಣಂತಿ ಅಷ್ಟು ಜೋರಾಗಿ ನಗಬಾರದೆಂದು ಸೂಲಗಿತ್ತಿ ಗದರಿದರೂ ನಿಲ್ಲಲಿಲ್ಲ. ಮುತ್ತಜ್ಜಿ ನನ್ನನ್ನು ಅವಳ ಪಕ್ಕದಲ್ಲಿ ಕೂರಿಸಿದಳು. ನಾನು ನನ್ನ ಎಡಗೈ ಚಾಚಿ ತಮ್ಮನ ಕೆನ್ನೆ ಮುಟ್ಟಿದೆ, ಯಾರೂ ಆ ಕೈಯನ್ನು ಹಿಂದಕ್ಕೆ ಎಳೆಯಲಿಲ್ಲ.